ಕುಮಾಯ್‌ನ ಮಾತ್ರೆ

ಮಾರ್ಚ್ 4, ಬೆಳಿಗ್ಗೆ 7

ಕುಮಾಯ್‌ಗೆ ಮಾತ್ರೆ ಬೆಣ್ಣೆಯಲ್ಲಿ ಸುತ್ತಿ ಕೊಟ್ಟೆ. ಬೆಣ್ಣೆ ನುಂಗಿ ಮಾತ್ರೆ ಉಗುಳಿದ, ಕಳ್ಳ. ಎರಡನೇ ಸಲ ಬಾಯಿ ಒತ್ತಿ ಹಿಡಿದೆ. ನೀರಂತೂ ಬಕೆಟ್‌ಗಟ್ಟಲೆ ಕುಡಿಯುತ್ತಾನೆ — ಸ್ಟೀರಾಯ್ಡ್ ಅಂದರೆ ಹಾಗೇ ಎಂದಿದ್ದಾಳೆ ಪಶುವೈದ್ಯೆ ರೌಜಾ. ಇರಲಿ. ನವೆಂಬರ್‌ನಲ್ಲಿ ಕರುಳು ಊದಿ, ರಕ್ತಭೇದಿಯಾಗಿ, ಎಲುಬಿನ ಗೂಡಾಗಿದ್ದ ಬೇಟೆನಾಯಿ ಇವನೇನಾ? ಈಗ ಮೈ ಮಿರಮಿರ. ಈ ವಾರದಿಂದ ಅರ್ಧ ಮಾತ್ರೆ ಕಡಿಮೆ. ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯ ಎಂದು ಮೂರು ಸಲ ಹೇಳಿದ್ದಾಳೆ.

ನನಗೆ ಜ್ವರ ಬಂದಾಗ ಇಷ್ಟು ಮಾಡಿದ್ದೆಯಾ ಎಂದು ನನ್ನ ಗಂಡ ಸಾಪರ್ ಗೊಣಗಿದ. ಮಾಡಿದ್ದೆ. ನೆನಪಿಲ್ಲ ಅವನಿಗೆ.

ಮಾರ್ಚ್ 15

ಹೊಸ ವರ್ಷದ ನೌರಿಜ್ ಹಬ್ಬಕ್ಕೆ ಬೀಗರು ಬರುತ್ತಾರಂತೆ. ಓರಾಜ್ — ಮಗಳು ಜಿಬೆಕ್‌ಳ ಮಾವ. ಸಾಪರ್ ಕುಮಾಯ್‌ನನ್ನು ಅವರಿಗೆ ಉಡುಗೊರೆ ಕೊಡುತ್ತಾನಂತೆ. ಮಾತ್ರೆ ಇನ್ನೂ ಮುಗಿದಿಲ್ಲ ಎಂದೆ.

"ಮಾತ್ರೆ ಗೀತ್ರೆ ಅಂತ ಬಾಯಿ ಬಿಟ್ಟೀಯ, ಜೋಕೆ. ಕಾಯಿಲೆ ನಾಯಿನ ತಲೆಗೆ ಕಟ್ಟಿದ್ರು ಅಂತಾರೆ. ಮಗಳು ಅಲ್ಲಿ ಬಾಳ್ಬೇಕು ಕಣೇ."

ಮಗಳ ಹೆಸರು ತೆಗೆದರೆ ನನ್ನ ಬಾಯಿ ಕಟ್ಟುತ್ತದೆ. ಗೊತ್ತು ಅವನಿಗೆ.

ಮಾರ್ಚ್ 22, ನೌರಿಜ್

ಓರಾಜ್ ನಾಯಿಯ ಪಕ್ಕೆ ಸವರಿದರು, ಕಣ್ಣಲ್ಲಿ ನೀರು. ಅವರ ಅಪ್ಪನ ಹತ್ತಿರ ಇಂಥದೇ ಇತ್ತಂತೆ. ಊಟಕ್ಕೆ ಕೂತಾಗ ನನ್ನನ್ನೇ ಕೇಳಿದರು.

"ಬೀಗಿತ್ತಿ, ಸಾಕಿದ ಕೈ ನಿಮ್ದು. ಏನು ಕೊಡ್ಬೇಕು, ಏನು ಕೊಡಬಾರ್ದು — ಹೇಳ್ಬಿಡಿ."

ಕೇಳಿದರಲ್ಲ. ತಾವಾಗಿಯೇ ಕೇಳಿದರಲ್ಲ.

"ಎಲ್ಲಾ ತಿಂತಾನೆ" ಎಂದೆ.

ಕಾರಿನ ಹಿಂದಿನ ಗಾಜಿನಲ್ಲಿ ಅವನ ಮೂತಿ... ಸಾಕು.

ಮಾರ್ಚ್ 27

ಜಿಬೆಕ್ ಫೋನ್. ನಾಯಿ ವಾಂತಿ ಮಾಡುತ್ತಿದೆ, ಕಾಲು ನಡುಗುತ್ತಿದೆ, ಏಳುತ್ತಿಲ್ಲ. ಸಾಪರ್ ಎದುರಿಗೇ ಕೂತಿದ್ದ. ನೀರು ಬದಲಾಗಿದೆ, ಸರಿಹೋಗುತ್ತದೆ ಎಂದೆ. ನಾನೇ ಎಂದೆ!

ಅವನು ಹೊರಗೆ ಹೋದ ಮೇಲೆ ಮತ್ತೆ ಫೋನ್ ಮಾಡಿ ಎಲ್ಲ ಹೇಳಿದೆ. ಮಾತ್ರೆಯ ಹೆಸರನ್ನು ಅಕ್ಷರ ಅಕ್ಷರವಾಗಿ ಬರೆಸಿದೆ.

"ಈಗ ಇವ್ರಿಗೆ ಏನಂತ ಹೇಳ್ಲಿ, ಅಮ್ಮಾ?"

ಮೊದಲು ಮಾತ್ರೆ ತರಿಸು ಎಂದೆ. ಔಷಧಿ ಅಂಗಡಿ ಅವರ ಹಳ್ಳಿಯಿಂದ ಎಂಬತ್ತು ಕಿಲೋಮೀಟರ್.

ಮಾರ್ಚ್ 28

ಕುಮಾಯ್ ಹೋದ. ಮಾತ್ರೆ ತರುವ ಮುಂಚೆಯೇ.

ಏಪ್ರಿಲ್ 6

ಓರಾಜ್ ಬಂದಿದ್ದರು. ಬಾಗಿಲಲ್ಲೇ ಟೋಪಿ ತೆಗೆದರು. ಜಿಬೆಕ್ ಅಲ್ಲಿ ಬಾಯಿ ಬಿಟ್ಟಿಲ್ಲ; ನನ್ನ ಮಗಳಲ್ಲವೇ.

"ಪ್ರೀತಿ ಹೆಚ್ಚಾಗಿ ಕೊಬ್ಬು ತಿನ್ನಿಸ್ಬಿಟ್ಟೆ. ನಿಮ್ಮ ನಾಯಿನ ನಾನೇ ಕೊಂದೆ, ಬೀಗ್ರೇ. ಕ್ಷಮ್ಸಿ."

ಸಾಪರ್ ದೊಡ್ಡ ಮನಸ್ಸು ಮಾಡಿ ಅವರ ಹೆಗಲು ತಟ್ಟಿದ. ದೇವರ ಇಚ್ಛೆ ಎಂದ. ನಾನು ಟೀ ಬಗ್ಗಿಸಿದೆ. ಒಂದು ಹನಿ ಚೆಲ್ಲಲಿಲ್ಲ.

ತಪ್ಪಿಗೆ ಬದಲಾಗಿ ವರ್ಷದ ಕುದುರೆಮರಿ ತಂದಿದ್ದರು. ಬೇಡ ಬೇಡ ಎಂದು ಎರಡು ಸಲ ಅಂದು, ಮೂರನೇ ಸಲಕ್ಕೆ ಹಗ್ಗ ಹಿಡಿದುಕೊಂಡ ಸಾಪರ್.

ಏಪ್ರಿಲ್ 7, ಬೆಳಿಗ್ಗೆ

ಮರಿಗೆ ನೀರಿಡಲು ಹೋದೆ. ಹೆದರದೆ ಹತ್ತಿರ ಬಂತು. ನನ್ನ ಅಂಗೈ ಮೂಸಿತು, ಮತ್ತೆ ನೆಕ್ಕಿತು, ಬೆಣ್ಣೆ ಹುಡುಕುವ ಕುಮಾಯ್‌ನಂತೆಯೇ.