ನಾಲ್ಕು ಬೆರಳ ಸಂದಿಯಲ್ಲಿ ಹಿಡಿಸುವ ಟಾರ್ಚು

ಮನೆಯಿಂದ,
ತಾರೀಖು ೧೪, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಪ್ಪನಿಗೆ ಮೊಂಡು ಮಗಳ ನಮಸ್ಕಾರಗಳು.

ಮೊದಲು ನಿನ್ನ ಮೊಣಕಾಲು ಹೇಗಿದೆ ಹೇಳು. ಬಿಸಿನೀರಿನ ಶಾಖ ಕೊಟ್ಟುಕೊಳ್ಳುತ್ತೀಯೋ, ಇಲ್ಲ ಅತ್ತೆ ತಂದಿಟ್ಟ ನೀರು ಅಲ್ಲೇ ಆರಿಹೋಗುತ್ತದೋ? ಅವಳನ್ನು ಕೇಳಿದರೆ, "ನಿಮ್ಮಪ್ಪನಿಗೇನು, ಬೀದಿಯವರ ಹೊಲಿಗೆ ಮಷೀನೆಲ್ಲ ಬಿಚ್ಚಿ ಹರಡ್ಕೊಂಡು ಕೂತಿರ್ತಾನೆ" ಅನ್ನುತ್ತಾಳೆ. ಒಂದು ವಾರ ಇದ್ದು ಬರುತ್ತೇನೆಂದು ಅಕ್ಕನ ಮನೆಗೆ ಹೋದವನು ನೀನು, ಐದು ತಿಂಗಳಾಯಿತು. ಅಮ್ಮ ಚೆನ್ನಾಗಿದ್ದಾಳೆ. ಅಂದರೆ ನಿನ್ನನ್ನು ಹೊತ್ತಿಗೆ ಸರಿಯಾಗಿ ಬೈಯುವಷ್ಟು ಚೆನ್ನಾಗಿದ್ದಾಳೆ. ಫೋನ್ ಮಾಡಿದರೆ ನೀನು ಅತ್ತೆಯ ಕೈಗೆ ಕೊಟ್ಟು ಎದ್ದುಹೋಗುತ್ತೀಯ, ಅದಕ್ಕೇ ಈ ಕಾಗದ. ಪೂರ್ತಿ ಓದು.

ನಾನು ಜೇಬಿಗೊಂದು ಚಿಕ್ಕ ಟಾರ್ಚು ಕೊಂಡೆ ಎಂದು ಅತ್ತೆ ಹೇಳಿದ್ದೇ ತಡ, "ಆಟದ ಸಾಮಾನು ನಂಬ್ಕೊಂಡು ಲಿಫ್ಟ್ ಮೇಲೆ ಹತ್ತಬೇಡ ಅನ್ನು, ಆ ಕೆಲಸಾನೇ ಬಿಟ್ಟು ಆಫೀಸಲ್ಲಿ ಕೂತ್ಕೊ ಅನ್ನು" ಎಂದು ಹೇಳಿಕಳಿಸಿದೆಯಂತೆ. ಎರಡೂ ಮಾತು ಕೇಳಿಸಿಕೊಂಡೆ. ಎರಡನ್ನೂ ಮಾಡುವುದಿಲ್ಲ. ಹಾಗಂತ ಸುಮ್ಮನೆ ಹಟ ಮಾಡುವವಳಲ್ಲ ನಾನು, ನೀನೇ ಕಲಿಸಿದವನು. ಮೂರು ವಾರ ಅದನ್ನು ದಿನಾ ಜೇಬಿನಲ್ಲಿಟ್ಟುಕೊಂಡು ಓಡಾಡಿ, ನಿನ್ನ ಕಣ್ಣಿನಿಂದಲೇ ಪರೀಕ್ಷೆ ಮಾಡಿದ್ದೇನೆ.

ನನ್ನ ಹೆಬ್ಬೆರಳಿಗಿಂತ ಒಂದಿಷ್ಟು ಉದ್ದ, ಅಷ್ಟೇ. ಅಂಗಿಯ ಜೇಬಿಗೆ ಪೆನ್ನಿನ ಹಾಗೆ ಸಿಕ್ಕಿಸಬಹುದು, ಬಗ್ಗಿದರೆ ಬೀಳುವುದಿಲ್ಲ. ನಿನ್ನ ದೊಡ್ಡ ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕೆಲಸ ಮಾಡಿದ ದಿನ ಊಟ ಅಗಿಯುವಾಗ ದವಡೆ ನೋಯುತ್ತಿತ್ತಲ್ಲ, ಇದಕ್ಕೆ ಆ ಕಾಟವೇ ಇಲ್ಲ. ಬುಡದಲ್ಲಿ ಅಯಸ್ಕಾಂತ ಇದೆ, ಕಬ್ಬಿಣ ಕಂಡಲ್ಲಿ ಅಂಟಿಸಿದರೆ ಎರಡೂ ಕೈ ಖಾಲಿ. ಮೊಬೈಲಿನಲ್ಲೇ ಬೆಳಕಿದೆಯಲ್ಲ ಎಂದು ಕೇಳಬೇಡ. ನಮ್ಮ ಗಡ್ಡದ ಮೆಕ್ಯಾನಿಕ್ ಅದನ್ನೇ ನಂಬಿ, ಅವನ ಮೊಬೈಲು ಏಳನೇ ಮಹಡಿಯಿಂದ ಲಿಫ್ಟಿನ ಗುಂಡಿಗೆ ಬಿದ್ದು, ಅವನು ಹೆಂಡತಿಯ ಫೋಟೋಗಳೆಲ್ಲ ಹೋದವಲ್ಲ ಎಂದು ಗೋಳಾಡಿದ್ದೂ ಆಯಿತು. ಇದನ್ನು ನಾನೇ ಬೇಕೆಂದು ಎರಡು ಸಲ ಸಿಮೆಂಟಿನ ನೆಲಕ್ಕೆ ಬೀಳಿಸಿದೆ. ಮೂರನೇ ಪರೀಕ್ಷೆ ಅಮ್ಮನದು: ಜೇಬು ನೋಡದೆ ಅಂಗಿಯನ್ನು ಸೋಪಿನ ಬಕೆಟ್ಟಿನಲ್ಲಿ ನೆನೆಹಾಕಿಬಿಟ್ಟಳು. ನೀರೊಳಗಿಂದ ಬೆಳಕು ಬಂದದ್ದು ನೋಡಿ "ಅಯ್ಯಯ್ಯೋ, ಬಕೆಟ್ಟಿಗೆ ಕರೆಂಟ್ ಬಂದಿದೆ" ಎಂದು ಕೂಗಿಕೊಂಡು ಬೀದಿಗೆ ಓಡಿದಳು. ಟಾರ್ಚಿಗೆ ಏನೂ ಆಗಲಿಲ್ಲ. ಅಮ್ಮನಿಗೆ ಮಾತ್ರ ಮಧ್ಯಾಹ್ನದವರೆಗೆ ಎದೆ ಹೊಡೆದುಕೊಳ್ಳುತ್ತಿತ್ತು, ಪಕ್ಕದ ಮನೆಯಾಕೆ ಇನ್ನೂ ನಗುತ್ತಿದ್ದಾಳೆ.

ದೋಷಗಳನ್ನೂ ಮುಚ್ಚಿಡುವುದಿಲ್ಲ. ಪೂರ್ತಿ ಪ್ರಖರವಾಗಿ ಹಚ್ಚಿದರೆ ನಾಲ್ಕೇ ನಿಮಿಷಕ್ಕೆ ಬೆರಳು ಸುಡುವಷ್ಟು ಬಿಸಿಯಾಗಿ ತಾನಾಗಿಯೇ ಮಂಕಾಗುತ್ತದೆ. ಒಂದು ದಿನ ಪ್ಯಾಂಟಿನ ಜೇಬಿನಲ್ಲಿ ಗುಂಡಿ ಒತ್ತಿಹೋಗಿ ತೊಡೆ ಚುರ್ ಎಂದಿತು. ಚಾರ್ಜು ಮುಗಿದರೆ ನಿನ್ನ ಟಾರ್ಚಿನ ಹಾಗೆ ಮೂಲೆಯಂಗಡಿಗೆ ಹೋಗಿ ಎರಡು ಸೆಲ್ಲು ತಂದು ತುರುಕುವಂತಿಲ್ಲ. ಅದಕ್ಕೇ ಮಧ್ಯದ ಬೆಳಕಿನಲ್ಲೇ ಕೆಲಸ ಮಾಡುತ್ತೇನೆ, ರಾತ್ರಿ ಮೊಬೈಲಿನ ಜೊತೆಗೇ ಚಾರ್ಜಿಗೆ ಹಾಕುತ್ತೇನೆ. ಕಾಲುಭಾಗ ಉಳಿದಾಗ ಕೆಂಪು ಚುಕ್ಕೆ ಹತ್ತಿ ಎಚ್ಚರಿಸುತ್ತದೆ. ನಿನ್ನದು ಎಚ್ಚರಿಸುತ್ತಿರಲಿಲ್ಲ ಅಪ್ಪಾ. ಅದು ಸುಮ್ಮನೆ ಹಳದಿಯಾಗುತ್ತ ಹೋಗಿ ಕೈಕೊಡುತ್ತಿತ್ತು.

ಈಗ ನೀನು ಬಾಯಿಬಿಡದ ವಿಷಯಕ್ಕೆ ಬರುತ್ತೇನೆ. ನನಗೂ ಸಾಕಾಗಿದೆ. ಆರು ಮಹಡಿಯ ಆ ಕಚೇರಿಯ ಲಿಫ್ಟು ಜಾರಿ ಗುಮಾಸ್ತೆಯ ಕಾಲು ಮುರಿದ ದಿನ ಬೆಳಿಗ್ಗೆ, ಮೇಲಿನ ಮಷೀನ್ ರೂಮಿಗೆ ನಾವಿಬ್ಬರೂ ಹತ್ತಿ ಹೋಗಿದ್ದೆವು. ತಪಾಸಣೆಯ ಹಾಳೆಗೆ ಎಂದಿನಂತೆ ನೀನು ಹತ್ತುವ ಮೊದಲು ಕೆಳಗೇ ಸಹಿ ಹಾಕಿಯಾಗಿತ್ತು. ಕೆಲಸ ಮುಗಿದ ಮೇಲೆ ಕೈಯೆಲ್ಲ ಗ್ರೀಸು, ಹಾಳೆ ಕೊಳೆಯಾದರೆ ಆಫೀಸಿನವರು ಮುಖ ಸಿಂಡರಿಸುತ್ತಾರೆ ಎಂದು ನಮ್ಮವರೆಲ್ಲ ಮೊದಲೇ ಸಹಿ ಹಾಕಿಬಿಡುತ್ತಾರೆ. ನಾನೂ ಹಾಕಿದ್ದೇನೆ, ಮೂರು ವರ್ಷ. ಕೋಣೆಯ ಬಲ್ಬು ಹೋಗಿತ್ತು, ಟಾರ್ಚಿಗೆ ಸೆಲ್ಲು ಕೊಡಿ ಎಂದು ಕಂಪನಿಯನ್ನು ಎರಡು ತಿಂಗಳಿಂದ ಕೇಳುತ್ತಿದ್ದೆವು. ಲಿಫ್ಟು ಜಾರಿದ ಮೇಲೆ ಬಿಚ್ಚಿ ನೋಡಿದರೆ ಬ್ರೇಕಿನ ಮೇಲೆ ಎಣ್ಣೆ. ನೀನು ಜಪ್ಪಯ್ಯ ಅಂದರೂ ಬೇರೆ ಮಾತಾಡಲಿಲ್ಲ. "ಒಬ್ಬನೇ ಹೋಗಿದ್ದೆ, ನನ್ನ ಕಣ್ಣು ಕೈಕೊಟ್ಟವು" ಎಂದು ಬರೆದುಕೊಟ್ಟು, ಉಪಕರಣದ ಚೀಲ ಮೇಜಿನ ಮೇಲಿಟ್ಟು ಬಂದೆ. ಈಗ ವಿಚಾರಣೆಯಲ್ಲಿ ನಿನ್ನ ಹೆಸರಿಗೇ ಎಲ್ಲ ಕಟ್ಟಿ, ಲೈಸೆನ್ಸು ಕಿತ್ತುಕೊಂಡು ಕೈತೊಳೆದುಕೊಳ್ಳಲು ಹೊರಟಿದ್ದಾರೆ. ಮೂವತ್ತೊಂದು ವರ್ಷ ದುಡಿದವನನ್ನು! ನನಗೆ ಮೈ ಉರಿಯುತ್ತದೆ.

ಕಳೆದ ಬುಧವಾರ ಬಟ್ಟೆ ಕಾರ್ಖಾನೆಯಲ್ಲಿ ತಪಾಸಣೆ ಇತ್ತು. ಅದೇ ಮಾದರಿಯ ಹಳೇ ಮಷೀನು, ಗೋಡೆಗೂ ಬ್ರೇಕಿಗೂ ನಡುವೆ ಅದೇ ನಾಲ್ಕು ಬೆರಳ ಸಂದಿ. ಮೊದಲು ನಿನ್ನ ದೊಡ್ಡ ಟಾರ್ಚಿಗೆ ಹೊಸ ಸೆಲ್ಲು ಹಾಕಿ ನೋಡಿದೆ. ಅದರ ತಲೆ ಸಂದಿಯೊಳಗೆ ಹೋಗುವುದೇ ಇಲ್ಲ, ಬೆಳಕೆಲ್ಲ ಮುಂದಿನ ತಗಡಿಗೆ ಬಡಿದು ಕಣ್ಣಿಗೇ ಹೊಡೆಯುತ್ತದೆ. ನನ್ನ ಕಣ್ಣಿಗೆ ಇಪ್ಪತ್ತಾರು ವರ್ಷ, ಏನೂ ಕಾಣಲಿಲ್ಲ. ಆಮೇಲೆ ಚಿಕ್ಕದನ್ನು ಬೆರಳ ತುದಿಯಲ್ಲಿ ಹಿಡಿದು ಒಳಗೆ ಇಳಿಸಿದೆ. ಎಣ್ಣೆ ತಡೆಯುವ ರಬ್ಬರ್ ಸೀಲಿನ ಬುಡದಿಂದಲೇ ಎಣ್ಣೆ ಜಿನುಗಿ ಬ್ರೇಕಿನ ಅಂಚಿಗೆ ಬಂದು ನಿಂತಿತ್ತು. ಕೆಳಗೆ ನಲವತ್ತು ಜನ ಹೊಲಿಗೆಯವರು ಆ ಲಿಫ್ಟಿನಲ್ಲೇ ಹತ್ತಿ ಇಳಿಯುತ್ತಾರೆ. ಅಲ್ಲೇ ಲಿಫ್ಟು ನಿಲ್ಲಿಸಿ, ಕೀಲಿ ಜೇಬಿಗೆ ಹಾಕಿಕೊಂಡು ಕೆಳಗಿಳಿದೆ. ನಮ್ಮ ಸೂಪರ್‌ವೈಸರ್ "ಆಗ್ಲಿ-ನೋಡೋಣ" ಓಡೋಡಿ ಬಂದು, "ಆಗ್ಲಿ, ನೋಡೋಣ, ಸಂಜೆವರೆಗೆ ಓಡ್ಲಿ ಬಿಡಮ್ಮ" ಎಂದ. "ಕೀಲಿ ನನ್ನ ಹತ್ರ ಇದೆ ಸಾರ್, ಮೆಟ್ಟಿಲು ನಿಮ್ಮ ಹತ್ರ ಇದೆ" ಎಂದೆ. ಎಣ್ಣೆ ಕಣ್ಣಾರೆ ನೋಡಲು ಹೊಟ್ಟೆ ಹೊತ್ತುಕೊಂಡು ಐದು ಮಹಡಿ ಹತ್ತಿದ, ಪಾಪ. ಹಾಳೆಗೆ ಕೆಲಸವೆಲ್ಲ ಮುಗಿದ ಮೇಲೆ ಗ್ರೀಸಿನ ಕೈಯಲ್ಲೇ ಸಹಿ ಹಾಕಿದೆ, ಐದೂ ಬೆರಳು ಮೂಡಿವೆ. ಮುಖ ಸಿಂಡರಿಸುವವರು ಸಿಂಡರಿಸಲಿ.

ಒಟ್ಟಿನಲ್ಲಿ ಟಾರ್ಚು ಪಾಸು. ದಿನಾ ಜೇಬಿನಲ್ಲಿರುತ್ತದೆ, ನಾನು ದಿನಾ ಮಷೀನ್ ರೂಮಿನಲ್ಲಿರುತ್ತೇನೆ. ನೀನು ಬೇಡ ಎಂದರೂ ಇರುತ್ತೇನೆ. ಕೆಟ್ಟದ್ದು ನಿನ್ನ ಕಣ್ಣಲ್ಲ ಎಂಬುದಂತೂ ನಿನಗೆ ಗೊತ್ತಾಗಬೇಕಿತ್ತು.

ಅತ್ತೆಗೆ ನನ್ನ ನಮಸ್ಕಾರ, ಅವಳ ಹೊಲಿಗೆ ಮಷೀನಿಗೆ ನನ್ನ ಸಂತಾಪ. ಅಮ್ಮ ನಿನಗೆ ಏನೋ ಹೇಳಬೇಕೆಂದು ಬಂದು, "ಏನೂ ಬೇಡ, ಬಂದ ಮೇಲೆ ಹೇಳ್ತೀನಿ" ಎಂದು ಒಳಗೆ ಹೋದಳು. ಕಾಲು ಜೋಪಾನ.

ನಿನ್ನ ಮಾತು ಕೇಳದ,
ನಿನ್ನದೇ ಮಗಳು

ತಾ.ಕ.: ಇದನ್ನು ಮೇಲೆಯೇ ಬರೆಯಬೇಕಿತ್ತು, ಕೈ ಬರಲಿಲ್ಲ. ಮೊನ್ನೆ ಶುಕ್ರವಾರ ವಿಚಾರಣೆಯ ಅಧಿಕಾರಿಗೆ ನಾನೂ ಒಂದು ಹೇಳಿಕೆ ಬರೆದುಕೊಟ್ಟೆ. ಲಿಫ್ಟು ಜಾರಿದ ದಿನ ನಿನ್ನ ಮೊಣಕಾಲು ಬಗ್ಗುತ್ತಿರಲಿಲ್ಲ, ಬ್ರೇಕಿನ ಹತ್ತಿರ ಬಗ್ಗಿದವಳು ನಾನು. ಟಾರ್ಚು ಆರುತ್ತಿತ್ತು, ನನಗೆ ಏನೂ ಕಾಣಲಿಲ್ಲ. ಹೇಗೂ ಸಹಿ ಆಗಿದೆ, ಈಗ ಹೊಡೆದುಹಾಕಿದರೆ ನಿನಗೆ ಅವಮಾನ ಎಂದು "ಒಣಗಿದೆ ಅಪ್ಪಾ" ಎಂದುಬಿಟ್ಟೆ. ನೀನು ನಂಬಿದೆ. ಹಾಗೆಯೇ ಬರೆದಿದ್ದೇನೆ, ಸೆಲ್ಲು ಕೊಡದ ಕಂಪನಿಯದನ್ನೂ ಸೇರಿಸಿ. ಇಪ್ಪತ್ತಮೂರನೇ ತಾರೀಖು ಮಂಗಳವಾರ ಹನ್ನೊಂದಕ್ಕೆ ಆ ಕಚೇರಿಯ ಮಷೀನ್ ರೂಮಿಗೆ ಅವರೆಲ್ಲ ಬರುತ್ತಾರೆ. ಕೆಲಸ ಹೋಗುವುದಾದರೆ ನನ್ನದು ಹೋಗಲಿ, ಇನ್ನೊಂದು ಹುಡುಕುತ್ತೇನೆ, ಅದೂ ಲಿಫ್ಟಿನದೇ. ಆದರೆ ನನ್ನ ತಪ್ಪು ಹೊತ್ತುಕೊಂಡು ನೀನು ಇನ್ನೊಂದು ದಿನವೂ ಅಲ್ಲಿ ಕೂರಕೂಡದು. ನನ್ನ ಮೇಲೆ ಸಿಟ್ಟು ಬಂದಿರುತ್ತದೆ, ಬರಲಿ. ಬೈಯುವುದಿದ್ದರೆ ಮನೆಗೆ ಬಂದು ಎದುರಿಗೆ ನಿಂತು ಬೈಯಿ.