ಬೇಳೆ ಬೇಯುವ ನೀರು ಮತ್ತು ನಿಮ್ಮ ಕೆಂಪು ಬಣ್ಣ

ಕುಡಿಯುವ ನೀರಿನ ಯೋಜನೆಯ ಮಾನ್ಯ ನಿರ್ದೇಶಕರೇ,

ನೀರು ತಿಳಿವಳಿಕೆ ಸಹಾಯಕಿಯ ಹುದ್ದೆಯನ್ನು ನೀವು ಕಳೆದ ವರ್ಷದ ಜೂನ್‌ನಲ್ಲಿ ರದ್ದುಮಾಡಿದ್ದೀರಿ. ‘ತಾಂತ್ರಿಕ ಅರ್ಹತೆಯಿಲ್ಲದ, ಅನಗತ್ಯ ಹುದ್ದೆ’ ಎಂದು ಆದೇಶ ಹೇಳುತ್ತದೆ. ಸಂಗತಿಗಳನ್ನು ಕ್ರಮವಾಗಿ ಬರೆಯುತ್ತೇನೆ.

೧. ರಾಣೆಬೆನ್ನೂರಿನಿಂದ ಮೇಡ್ಲೇರಿಗೆ ಹೋಗುವ ರಸ್ತೆಯ ಒಳಭಾಗದ ಒಂದು ಹಳ್ಳಿಯಲ್ಲಿ ಎರಡು ಕೈಪಂಪುಗಳಿವೆ.

೨. ಶಾಲೆಯ ಬಳಿಯ ಪಂಪಿನ ನೀರಿನಲ್ಲಿ ಲೀಟರಿಗೆ ೪.೨ ಮಿಲಿಗ್ರಾಂ ಫ್ಲೋರೈಡ್ ಇದೆ. ಅದನ್ನು ಕುಡಿದು ಬೆಳೆದ ಮಕ್ಕಳ ಹಲ್ಲು ಕಂದುಗಟ್ಟುತ್ತವೆ. ವರ್ಷಗಳು ಕಳೆದಂತೆ ಬೆನ್ನು, ಮೊಣಕಾಲು ಬಿಗಿಯುತ್ತವೆ. ಊರ ಕೊನೆಯ ಪಂಪಿನಲ್ಲಿ ೦.೮ ಇದೆ. ಕುಡಿಯಲು ಅಡ್ಡಿಯಿಲ್ಲ.

೩. ೧೯೯೧ರ ಮಾರ್ಚ್‌ನಲ್ಲಿ, ನನ್ನದೇ ಶಿಫಾರಸಿನಂತೆ, ಶಾಲೆಯ ಪಂಪಿಗೆ ಕೆಂಪು ಬಣ್ಣ ಹೊಡೆಯಲಾಯಿತು. ಬಟ್ಟೆ, ಪಾತ್ರೆಗಳಿಗೆ ಆ ನೀರು ಬೇಕಾದ್ದರಿಂದ ಪಂಪನ್ನು ಕೀಳುವಂತಿರಲಿಲ್ಲ.

೪. ಬಣ್ಣ ಹೊಡೆದ ಮೇಲೆ ಆ ಪಂಪಿನ ಮುಂದೆ ಕೊಡಗಳ ಸಾಲು ಇನ್ನೂ ಉದ್ದವಾಯಿತು.

ನಾಲ್ಕನೆಯ ಸಂಗತಿ ನಿಮ್ಮ ಕಡತದಲ್ಲಿಲ್ಲ. ಅದನ್ನು ತಿಳಿಯಲು ಬಸ್ಸು ಹತ್ತಬೇಕಾಗುತ್ತದೆ. ನಾನು ಹತ್ತಿದೆ. ಸಾಲಿನಲ್ಲಿದ್ದ ಹೊನ್ನವ್ವ ಎಂಬ ಹೆಂಗಸನ್ನು ಕಾರಣ ಕೇಳಿದೆ.

‘ಬಣ್ಣಾ ಹಚ್ಯಾರಂದ ಮ್ಯಾಲೆ ರಿಪೇರಿ ಮಾಡ್ಯಾರಂತ ತಿಳದ್ವಿರಿ. ನೀವ ಅಲ್ಲೇನ್ರಿ ಹಚ್ಚಿಸಿದವ್ರು? ಭಾಳ ಪುಣ್ಯಾ ಬಂತ್ ನೋಡ್ರಿ ನಿಮಗ,’ ಎಂದಳು.

ಅಪಾಯದ ಬಣ್ಣ ಕೆಂಪು ಎಂದು ಆಕೆಗೆ ಯಾರು ಕಲಿಸಿದ್ದರು? ರೈಲಿನ ಸಿಗ್ನಲ್ಲೇ? ಆದರೂ ನಾವು, ಪದವೀಧರರು, ಬಣ್ಣವೇ ಮಾತನಾಡುತ್ತದೆಂದು ನಂಬಿ ಬ್ರಷ್ ತೊಳೆದಿಟ್ಟು ಮನೆಗೆ ಹೋಗಿದ್ದೆವು.

ಆಮೇಲೆ ಉಡಚವ್ವ ಬಂದಳು. ಅಗಡಿಯವಳು; ಓದಿದ್ದು ಏಳನೇ ಇಯತ್ತೆ. ತಾವು ರದ್ದುಮಾಡಿದ ಹುದ್ದೆಯಲ್ಲಿದ್ದವಳು ಈಕೆಯೇ. ಮೊದಲ ದಿನ ಫ್ಲೋರೈಡ್ ಎಂಬ ಪದವನ್ನೇ ಎತ್ತಲಿಲ್ಲ. ಹೊನ್ನವ್ವನ ಅಡುಗೆಮನೆಯಲ್ಲಿ ಕುಳಿತು, ಇಪ್ಪತ್ತೆರಡು ವರ್ಷಗಳ ಸೇವೆಯಲ್ಲಿ ನಾನೊಮ್ಮೆಯೂ ಕೇಳದ ಪ್ರಶ್ನೆಯೊಂದನ್ನು ಕೇಳಿದಳು: ಬಣ್ಣಕ್ಕೂ ಮೊದಲು ನಿಮಗೆಲ್ಲ ಈ ನೀರೇ ಯಾಕೆ ಬೇಕಿತ್ತು? ಸಂಜೆ ಪ್ರಯೋಗಾಲಯಕ್ಕೆ ಬಂದು ಉತ್ತರವನ್ನು ನನಗೆ ಒಪ್ಪಿಸಿದಳು.

‘ಸಾಹೇಬ್ರ, ನಿಮ್ಮ ಚಲೋ ನೀರಿನ್ಯಾಗ ಬ್ಯಾಳಿ ಬೇಯಂಗಿಲ್ಲ. ಬ್ಯಾಳಿ ಬೇಯಲಿಲ್ಲಂದ್ರ ಮನ್ಯಾಗ ಬೈಸ್ಕೊಳ್ಳಾಕಿ ಆಕಿ, ನೀವಲ್ಲ. ಒಂದ್ ಚಿಟಿಕಿ ಸೋಡಾ ಹಾಕಿದ್ರ ಹೆಂಗ್ರಿ?’

ನಾನು ದಾಖಲೆ ಪುಸ್ತಕ ತೆರೆದೆ. ಕೆಂಪು ಪಂಪಿನ ನೀರಿನ ಗಡಸುತನ ೯೦. ಸುರಕ್ಷಿತ ಪಂಪಿನದು ೫೨೦. ಮೆದು ನೀರಿನಲ್ಲಿ ತೊಗರಿಬೇಳೆ ಕರಗುತ್ತದೆ, ಗಡಸು ನೀರಿನಲ್ಲಿ ಹರಳಾಗಿ ಉಳಿಯುತ್ತದೆ. ಎರಡೂ ಅಂಕಿಗಳನ್ನು ಫ್ಲೋರೈಡಿನ ಪಕ್ಕದ ಅಂಕಣದಲ್ಲಿ ನಾನೇ ಬರೆದಿದ್ದೆ. ಪಕ್ಕಪಕ್ಕದಲ್ಲಿಟ್ಟು ಓದಿರಲಿಲ್ಲ.

ಮುಂದಿನ ಮಂಗಳವಾರ ಅದೇ ಅಡುಗೆಮನೆಯಲ್ಲಿ, ಸುರಕ್ಷಿತ ಪಂಪಿನ ನೀರಿಗೆ ಚಿಟಿಕೆ ಅಡುಗೆ ಸೋಡಾ ಬಿದ್ದಿತು, ಬೇಳೆ ಬೆಂದಿತು. ಊಟ ಮಾಡಿದವರಲ್ಲಿ ನಾನೂ ಒಬ್ಬ. ಉಡಚವ್ವ ಮನೆಮನೆಗೆ ಹೋದಳು. ನಾಲ್ಕು ತಿಂಗಳಲ್ಲಿ ಕೆಂಪು ಪಂಪಿನ ಬಳಿ ತೊಳೆಯುವ ಬಟ್ಟೆ, ಪಾತ್ರೆಗಳಷ್ಟೇ ಉಳಿದವು.

ಆಗ ತಮ್ಮ ಕಚೇರಿಗೆ ಎಚ್ಚರವಾಯಿತು. ‘ಚಿಟಿಕೆ’ ಮಾನ್ಯತೆ ಪಡೆದ ಅಳತೆಯಲ್ಲವೆಂದೂ ಸೋಡಾ ಮಾರ್ಗಸೂಚಿಯಲ್ಲಿಲ್ಲವೆಂದೂ ಆಕ್ಷೇಪಣೆ ಬಂದಿತು. ಉಡಚವ್ವನ ಚಿಟಿಕೆಯನ್ನು ನಾನು ತಕ್ಕಡಿಯಲ್ಲಿ ಹತ್ತು ಸಲ ತೂಗಿದ್ದೇನೆ, ಮಾನ್ಯರೇ. ತಮ್ಮ ವಾರ್ಷಿಕ ವರದಿಯ ಅಂಕಿಗಳಿಗಿಂತ ಅದರ ಏರುಪೇರು ಕಡಿಮೆ. ಆ ವರದಿಯಲ್ಲಿ ಈ ಹಳ್ಳಿಯನ್ನು ‘ಕೆಂಪು ಬಣ್ಣದ ಯಶಸ್ಸು’ ಎಂದು ಕರೆದಿರಿ. ಬಣ್ಣವೇ ಯಶಸ್ವಿಯಾದ ಮೇಲೆ ಮನುಷ್ಯರೇಕೆ ಎಂದು ಆಕೆಯನ್ನು ಮನೆಗೆ ಕಳಿಸಿದಿರಿ. ಬದಲಿಗೆ ಹತ್ತು ಪುಟಗಳ ಪುಸ್ತಿಕೆಯೊಂದನ್ನು ಹಂಚಿದಿರಿ. ಅದರಲ್ಲಿ ಫ್ಲೋರಿನ್ ಪರಮಾಣುವಿನ ಚಿತ್ರವಿದೆ. ಬೇಳೆಯ ಸುದ್ದಿಯಿಲ್ಲ.

ಒಮ್ಮೆ ತಿಳಿಸಿದರೆ ಊರಿಗೆಲ್ಲ ಶಾಶ್ವತವಾಗಿ ತಿಳಿದಂತೆ ಎಂದು ತಮ್ಮ ಎಣಿಕೆ. ಹಳ್ಳಿಗೆ ವರ್ಷವರ್ಷವೂ ಸೊಸೆಯರು ಬರುತ್ತಾರೆಂಬುದು ತಮ್ಮ ಎಣಿಕೆಯಲ್ಲಿದೆಯೇ? ಕಳೆದ ತಿಂಗಳು ಮಾದರಿ ತರಲು ಹೋದಾಗ ಮೈಲವ್ವ ಎಂಬ ಹುಡುಗಿ ಕೆಂಪು ಪಂಪಿನಲ್ಲಿ ಕೊಡ ತುಂಬುತ್ತಿದ್ದಳು. ಬ್ಯಾಡಗಿ ಕಡೆಯಿಂದ ಲಕ್ಕಪ್ಪನ ಮನೆಗೆ ಬಂದ ಸೊಸೆ. ಹೇಳಿಕೊಡಲು ಮನೆಯಲ್ಲಿ ಅತ್ತೆಯಿಲ್ಲ. ಬಸುರಿ, ಈಗ ಆರು ತಿಂಗಳು. ಈ ನೀರು ಬೇಡ, ಆ ನೀರಿಗೇ ಚಿಟಿಕೆ ಸೋಡಾ ಹಾಕು ಎಂದೆ. ಆಕೆ ಕೊಡ ತೆಗೆಯಲಿಲ್ಲ.

‘ಆ ನೀರಾಗ ಬ್ಯಾಳಿ ಬೇಯಲಿಲ್ಲಂತ ನಮ್ಮ ಮಾವ ತಾಟು ಸರಿಸಿ ಎದ್ದು ಹ್ವಾದ್ರಿ. ಇದರಾಗ ಬೆಣ್ಣಿ ಆದಂಗ ಆಕ್ಕಾವ. ಸೋಡಾದ ಸುದ್ದಿ ನನಗ ಯಾರ್ ಹೇಳಬೇಕ್ರಿ?’

ತಮ್ಮ ಆದೇಶಕ್ಕೆ ಇದಕ್ಕಿಂತ ಸ್ಪಷ್ಟವಾದ ಆಕ್ಷೇಪಣೆಯನ್ನು ಬರೆಯಲು ನನಗೆ ಬರುವುದಿಲ್ಲ. ಫ್ಲೋರೈಡನ್ನು ಪತ್ತೆಹಚ್ಚಲು ನಾನಿದ್ದೇನೆ, ಸಹಿ ಹಾಕಲು ತಾವಿದ್ದೀರಿ. ಮೈಲವ್ವನ ಒಲೆಯ ಮುಂದೆ ಕೂರಲು ಯಾರಿದ್ದಾರೆ? ಆ ಜಾಗದಲ್ಲಿ ಕೂತವಳನ್ನು ಅನಗತ್ಯ ಎಂದವರು ತಾವು. ತಮಗೆ ಹೊಂದುವ ವಿಶೇಷಣವನ್ನು ಹುಡುಕುವ ಕೆಲಸ ನನ್ನದಲ್ಲ.

ಉಡಚವ್ವನ ಹುದ್ದೆಯನ್ನು ಮರಳಿ ಸ್ಥಾಪಿಸಬೇಕು. ವರದಿಯಲ್ಲಿ ಬಣ್ಣದ ಹೆಸರು ಹೊಡೆದುಹಾಕಿ ಆಕೆಯ ಹೆಸರನ್ನು ಬರೆಯಬೇಕು. ಈ ಪತ್ರವನ್ನು ಪತ್ರಿಕೆಗೂ ಕಳಿಸುತ್ತಿದ್ದೇನೆ. ಸರ್ಕಾರಿ ನೌಕರನು ಪತ್ರಿಕೆಗೆ ಬರೆಯಬಾರದೆಂಬ ನಿಯಮವನ್ನು ನಾನು ಓದಿದ್ದೇನೆ. ತಮ್ಮ ನೋಟೀಸು ಬಂದಾಗ ಉತ್ತರ ಕೊಡುತ್ತೇನೆ.

ಸೆಪ್ಟೆಂಬರ್ ಹದಿನಾಲ್ಕರಂದು ಬೆಂಗಳೂರಿನಲ್ಲಿ ಕೆಂಪು ಬಣ್ಣದ ಯಶಸ್ಸನ್ನು ಕುರಿತು ನಾನು ಪ್ರಬಂಧ ಓದಬೇಕೆಂದು ಆದೇಶವಾಗಿದೆ. ನಾನು ಓದುವುದಿಲ್ಲ. ಅಂದು ಮಂಗಳವಾರ. ರಜೆ ಹಾಕಿದ್ದೇನೆ. ಉಡಚವ್ವನ ಜೊತೆ ಬೆಳಗಿನ ಬಸ್ಸಿಗೆ ಮೈಲವ್ವನ ಮನೆಗೆ ಹೋಗುತ್ತೇನೆ.

ಇಂತಿ,
ಅಕ್ಕಪಕ್ಕದ ಎರಡು ಅಂಕಣಗಳನ್ನು ಬೇರೆಬೇರೆಯಾಗಿಯೇ ಓದಿಕೊಂಡು ಬಂದ
ನೀರು ವಿಶ್ಲೇಷಕ, ರಾಣೆಬೆನ್ನೂರು
ಆಗಸ್ಟ್ ೧೯೯೩