ಪಾಸ್ ಬೇಡ ಅಂದದ್ದು ಯಾಕೆ ಅಂದ್ರೆ

ವೌಟರ್,

ರೈಲು ಪಾಸ್ ಇವತ್ತು ಕೊಳ್ಳಬೇಡ. ದಿನಕ್ಕೊಂದು ಊರು ಸುತ್ತೋದಾದ್ರೆ ಪಾಸೇ ಲಾಭ ಅನ್ನೋ ನಿನ್ನ ಲೆಕ್ಕ ಸರಿಯಾಗೇ ಇದೆ. ನಿನ್ನೆ ನಾನು ಸುಮ್ಮನೆ ಜಗಳ ತೆಗೆದೆ. ನಿಜ ಹೇಳ್ತೀನಿ, ಬೈಬೇಡ.

ಮಂಗಳವಾರ ಉಟ್ರೆಕ್ಟ್ ಸ್ಟೇಷನ್ನಲ್ಲಿ ರೈಲು ಬದಲಿಸೋಕೆ ಇಳಿದವಳಿಗೆ ನಮ್ಮೂರಿನ ಹೆಸರೇ ನೆನಪಾಗಲಿಲ್ಲ. ಬೋರ್ಡಿನ ಮೇಲಿದ್ದ ಊರುಗಳನ್ನೆಲ್ಲ ಓದಿದೆ, ನಮ್ಮದು ಯಾವುದು ಅಂತ ತಿಳೀಲಿಲ್ಲ. ಮುಕ್ಕಾಲು ಗಂಟೆ ಬೆಂಚಿನ ಮೇಲೆ ಕೂತಿದ್ದೆ. ಆಮೇಲೆ ತಾನಾಗೇ ನೆನಪಾಯ್ತು.

ಈಗ ಡಾಕ್ಟರ ಹತ್ರ ಹೊರಟಿದ್ದೀನಿ, ನಡ್ಕೊಂಡೇ. ಬಟಾಣಿ ಸೂಪ್ ಒಲೆ ಮೇಲಿದೆ, ಬಿಸಿ ಮಾಡ್ಕೋ. ಮಗಳಿಗೆ ಏನೂ ಹೇಳಬೇಡ.

ಪ್ರವಾಸ ಮಾತ್ರ ಬಿಡೋದು ಬೇಡ. ಎಲ್ಲೂ ಬದಲಿಸದೆ ನೇರವಾಗಿ ಹೋಗೋ ರೈಲು ನೋಡು, ಅಕ್ಕಪಕ್ಕದ ಸೀಟು.

ಹನ್ನೊಂದಾದ್ರೂ ನಾನು ಬರದಿದ್ರೆ ಕಾಯಬೇಡ, ಹುಡುಕ್ಕೊಂಡು ಬಾ.

ಮಾರ್ಟ್ಯೆ